ಬಲಗಡೆ ಕೂತವಳು

ಮೂರನೆಯ ನೀರಿಗೂ ಹರಿವೆ ಸೊಪ್ಪಿನಿಂದ ಮಣ್ಣು ಬಿಡುತ್ತಲೇ ಇತ್ತು. ಅರೆತಿ ಬೋಗುಣಿಯ ನೀರು ಚೆಲ್ಲಿ, ನಲ್ಲಿ ತಿರುಗಿಸಿ, ಸೊಪ್ಪನ್ನು ಮತ್ತೆ ಮುಳುಗಿಸಿದಳು. ಅಡುಗೆಮನೆಯ ಕಿಟಕಿ ಬಾಲ್ಕನಿಯ ಕಡೆಗೆ ತೆರೆದಿತ್ತು. ಅಲ್ಲಿ ಪಟ್ಟೆ ಪಟ್ಟೆಯ ಬಟ್ಟೆಯ ನೆರಳಿನಲ್ಲಿ ಇಬ್ಬರು ಗಂಡಸರು ತಣ್ಣನೆಯ ಕಾಫಿ ಹೀರುತ್ತಾ, ಅವಳ ಮುಂದಿನ ಬದುಕು ಯಾವ ಊರಿನಲ್ಲಿ ನಡೆಯಬೇಕೆಂದು ತೀರ್ಮಾನಿಸುತ್ತಿದ್ದರು. ಅವರು ಅದನ್ನು ಹಾಗೆ ಕರೆಯುತ್ತಿರಲಿಲ್ಲ. ಅವರ ಬಾಯಲ್ಲಿ ಅದರ ಹೆಸರು ‘ಶಾಲೆ ಆರಿಸುವುದು’.

"ಶಾಲೆ ಆರಿಸೋದು ಅಂದ್ರೆ ಹೆಣ್ಣು ನೋಡಿದ ಹಾಗೆ ಅರಿಸ್," ಎಂದಿತು ಪಾಂದೆಲಿಸನ ಗಂಟಲು. "ಚಂದ ಗಿಂದ ಅಂತ ನೋಡಬಾರದು. ಯಾರ ಮನೆಯದು ಅಂತ ನೋಡ್ಬೇಕು. ಅಷ್ಟೆ."

"ಸರಿ ಕಮಾಂಡರ್," ಎಂದ ಅರಿಸ್ತಿದಿಸ್.

ಅರಿಸ್ತಿದಿಸ್ ಅರೆತಿಯ ಗಂಡ. ಗ್ರೀಸಿನ ಲಾರಿಸಾ ಊರಿನ ವಾಯುನೆಲೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದವನು, ರಾಜೀನಾಮೆ ಕೊಟ್ಟು ಈ ಬೇಸಿಗೆಯ ಕೊನೆಗೆ ಸಮವಸ್ತ್ರ ಕಳಚಲಿದ್ದ. ಆಮೇಲೆ ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವ ಯೋಚನೆ. ಆದರೆ ವಾಯುಪಡೆಯ ರೆಕ್ಕೆಯ ಬಿಲ್ಲೆ ಅಲ್ಲಿ ನಡೆಯುವುದಿಲ್ಲ. ನಾಗರಿಕ ಲೈಸೆನ್ಸೇ ಬೇಕು. ಶಬ್ದಕ್ಕಿಂತ ವೇಗವಾಗಿ ಹಾರಿದ ಗಂಡಸು, ರಜೆಗೆ ಹೊರಟ ಜರ್ಮನ್ನರನ್ನು ರೋಡ್ಸ್ ದ್ವೀಪಕ್ಕೆ ಇಳಿಸಬೇಕಾದರೆ ಮತ್ತೆ ಶಾಲೆಯ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯಬೇಕು. ಈ ಅವಮಾನವನ್ನು ಯಾರ ಕೈಯಿಂದ ಪಡೆದರೆ ಕಡಿಮೆ ಉರಿಯುತ್ತದೆ ಎನ್ನುವುದೇ ಎರಡು ತಿಂಗಳಿಂದ ಅವನ ಚಿಂತೆ.

ಪಾಂದೆಲಿಸ್ ಒಂದು ಕಾಲಕ್ಕೆ ಅವನ ಸ್ಕ್ವಾಡ್ರನ್ನಿನ ಕಮಾಂಡರ್. ಅವರ ಮದುವೆಯಲ್ಲಿ ಗಂಡು ಹೆಣ್ಣಿನ ತಲೆಯ ಮೇಲಿನ ಕಿರೀಟಗಳನ್ನು ಅದಲುಬದಲು ಮಾಡಿದ ಧರ್ಮಸಾಕ್ಷಿ, ಅಂದರೆ ಕುಂಬಾರೊಸ್ ಕೂಡ ಅವನೇ. ರಕ್ತಸಂಬಂಧಿಯ ಮಾತು ಮೀರಬಹುದು, ಜಗಳ ಆಡಬಹುದು, ಹೊಲದ ಬೇಲಿಗಾಗಿ ಕೋರ್ಟಿಗೆ ಎಳೆಯಬಹುದು. ಕುಂಬಾರೊಸ್‌ಗೆ ಎದುರಾಡುವುದೆಂದರೆ ದೇವರ ಮುಂದೆ ನಡೆದ ಮದುವೆಯನ್ನೇ ಅನುಮಾನಿಸಿದ ಹಾಗೆ. ನಿವೃತ್ತನಾದ ಮೇಲೂ ಲಾರಿಸಾದಲ್ಲಿ ಮನೆ ಉಳಿಸಿಕೊಂಡಿದ್ದ ಅವನು ಅಥೆನ್ಸಿನ ಹೊರಗಿನ ಒಂದು ವಿಮಾನ ಶಾಲೆಗೆ ಸಲಹೆಗಾರನಾಗಿದ್ದ. ಯಾವ ವಿಷಯದಲ್ಲಿ ಸಲಹೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವಿದ್ದವರು ಆ ಶಾಲೆಯಲ್ಲಿ ಇರಲಿಲ್ಲ.

"ಥೆಸಲೊನೀಕಿ ಶಾಲೆಗೆ ಒಳ್ಳೆ ಹೆಸರಿದೆಯಂತೆ," ಎಂದ ಅರಿಸ್ತಿದಿಸ್, ಬೇರೆ ಯಾರದೋ ಮಾತು ತಲುಪಿಸುವವನ ಹಾಗೆ. ಅದು ಬೇರೆಯವರದೇ ಮಾತು, ಸೊಪ್ಪು ತೊಳೆಯುತ್ತಿದ್ದವಳದು. "ಕಲಿತವರಿಗೆಲ್ಲ ಬೇಗ ಕೆಲಸ ಸಿಕ್ಕಿದೆ ಅಂತಾರೆ."

"ಅಲ್ಲಿ ಹೆಡ್ ಯಾರು ಗೊತ್ತಾ?"

"ಸ್ತಾಥಿಸ್."

"ನಿನಗಿಂತ ಎಷ್ಟು ಕಿರಿಯ ಬ್ಯಾಚು?"

"ಎರಡು ವರ್ಷ."

ಪಾಂದೆಲಿಸ್ ಕಾಫಿಯ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಮನೆಯ ಮಗಳು ಓಡಿಹೋದ ಸುದ್ದಿ ಕೇಳಿದವರು ಹಾಗೆ ಲೋಟ ಇಡುತ್ತಾರೆ.

"ಅಕಾಡೆಮೀಲಿ ಅವನ ಬೂಟಿನಲ್ಲೇ ನೀರು ತರಿಸಿ ನಮ್ಮ ಕಿಟಕಿಯ ಗಿಡಕ್ಕೆ ಹಾಕಿಸ್ತಿದ್ದೆ," ಎಂದ ಅರಿಸ್ತಿದಿಸ್. ದನಿಯಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ದಿಗಿಲೂ ಇತ್ತು.

"ಅಂಥವನ ಮುಂದೆ ಹೋಗಿ ನೀನು ‘ಸರ್, ಈ ಲೆಕ್ಕ ಹೇಗೆ’ ಅಂತ ಕೇಳ್ತೀಯಾ? ಲೈಸೆನ್ಸ್ ಬರುತ್ತೆ ತಮ್ಮಾ. ಮುಖ ಹೋಗುತ್ತೆ."

ಅರೆತಿ ಸೊಪ್ಪನ್ನು ಹಿಂಡಿ ಜಾಲರಿಯ ಮೇಲೆ ಹರಡಿದಳು. ಈ ಜನರ ತೂಕದ ಕಲ್ಲು ಒಂದೇ, ಯಾರು ಯಾರಿಗಿಂತ ಮೊದಲು ಅಕಾಡೆಮಿಯ ಗೇಟು ದಾಟಿದರು ಎಂಬುದು. ಊಟಕ್ಕೆ ಕೂರುವ ಕುರ್ಚಿ, ಪಾರ್ಟಿಯಲ್ಲಿ ಯಾರ ಹೆಂಡತಿ ಯಾರ ಹೆಂಡತಿಗೆ ಮೊದಲು ನಮಸ್ಕಾರ ಹೇಳಬೇಕು, ಸತ್ತರೆ ಶವಪೆಟ್ಟಿಗೆಯ ಹಿಂದೆ ಯಾರು ಯಾವ ಸಾಲಿನಲ್ಲಿ ನಡೆಯಬೇಕು, ಎಲ್ಲವೂ ಆ ಕಲ್ಲಿನಿಂದಲೇ ತೂಗಿ ಬರುತ್ತಿತ್ತು. ಶಾಲೆಯಲ್ಲಿ ಪಾಠ ಹೇಗೆ, ವಿಮಾನ ಎಷ್ಟಿವೆ ಎಂಬುದೆಲ್ಲ ಸಣ್ಣವರ ಪ್ರಶ್ನೆಗಳು.

ಅವಳ ಪ್ರಶ್ನೆ ಇನ್ನೂ ಸಣ್ಣದು. ಲಾರಿಸಾದಿಂದ ಥೆಸಲೊನೀಕಿಗೆ ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಥೆನ್ಸ್ ಆದರೆ ಮನೆ ಎತ್ತಬೇಕು. ಮನೆ ಎತ್ತುವುದೆಂದರೆ ಟೈರ್ ಅಂಗಡಿಯ ಮೇಲೆ ಅವಳು ಟ್ಯೂಷನ್ ನಡೆಸುವ ಮೂರು ಕೋಣೆಗಳನ್ನೂ ಎತ್ತಬೇಕು. ಗಂಡನ ವರ್ಗಾವಣೆಯ ಹಿಂದೆ ಹಿಂದೆ ಅವಳು ದೇಶ ಸುತ್ತಿದವಳು. ಸ್ಕೀರೊಸ್ ದ್ವೀಪದಲ್ಲಿ ಬೇಕರಿಯವನ ಮಗಳಿಗೆ ಗಣಿತ ಹೇಳಿಕೊಟ್ಟಳು, ಹನ್ಯಾದಲ್ಲಿ ಬೇರೆಯವರ ಟ್ಯೂಷನ್ ಕೇಂದ್ರದಲ್ಲಿ ದುಡಿದಳು, ಆಂದ್ರವಿದಾದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಪಾಠ ಮಾಡಿದಳು. ಎಲ್ಲ ಕಡೆಯೂ ಪಾಠ ಅರ್ಧಕ್ಕೆ ಬಂದಾಗ ಲಾರಿ ಬಂದು ಬಾಗಿಲಿಗೆ ನಿಲ್ಲುತ್ತಿತ್ತು. ಲಾರಿಸಾಕ್ಕೆ ಬಂದ ಮೇಲೆ ಮೊದಲ ಸಲ ಬಾಗಿಲಿನ ಮೇಲೆ ಅವಳ ಹೆಸರಿನ ಫಲಕ ಬಂತು. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಸೀಮೆಸುಣ್ಣದ ಪುಡಿ. ಅವಳ ಕೈಕೆಳಗೆ ಓದಿದ ಮಕ್ಕಳು ಈಗ ಇಂಜಿನಿಯರಿಂಗ್ ಓದುತ್ತಿದ್ದರು. ಅವಳ ಸ್ವಂತ ಮಗಳು ಕೂಡ ಅದೇ ಬೆಂಚಿನಲ್ಲಿ ಕೂತು ಓದಿ ಈಗ ಯೊಆನಿನಾದ ವಿಶ್ವವಿದ್ಯಾಲಯದಲ್ಲಿದ್ದಳು.

"ತ್ರಿಕೋನ ಎಲ್ಲ ಊರಲ್ಲೂ ಇರುತ್ತೆ," ಎಂದಿದ್ದ ಅರಿಸ್ತಿದಿಸ್, ಅವಳು ಆ ಕೋಣೆಗಳ ವಿಷಯ ಎತ್ತಿದಾಗ. ಕೆಟ್ಟದಾಗಿ ಹೇಳಿದ್ದಲ್ಲ. ಸಮಾಧಾನ ಮಾಡುವ ದನಿಯಲ್ಲಿಯೇ ಹೇಳಿದ್ದ.

ಪಾಂದೆಲಿಸನ ಶಾಲೆಯನ್ನು ಹಿಂದಿನ ವಾರ ನೋಡಿ ಬಂದಿದ್ದರು. ಅಲ್ಲಿಯ ಸೋಫಾಗಳು ಅಪ್ಪಟ ಚರ್ಮದವು. ಗೋಡೆಯ ತುಂಬ ಸೇನಾಪತಿಗಳ ಫೋಟೊ. ಕಾಫಿಗೆ ಜೊತೆಯಾಗಿ ನಾಲ್ಕಾರು ಜನ ನಿವೃತ್ತ ಅಧಿಕಾರಿಗಳು ಬಂದು ಕೂತರು. ಆ ಕೋಣೆಯಲ್ಲಿದ್ದ ಪದವಿಗಳನ್ನೆಲ್ಲ ಕೂಡಿಸಿದ್ದರೆ ಒಂದು ಸಣ್ಣ ಯುದ್ಧವನ್ನು ಸೋಲಬಹುದಿತ್ತು. ಹ್ಯಾಂಗರಿನಲ್ಲಿ ವಿಮಾನ ಒಂದೇ ಇತ್ತು. ಅದರ ಪ್ರೊಪೆಲ್ಲರ್ ರಿಪೇರಿಗೆಂದು ಬುಡಾಪೆಸ್ಟ್‌ಗೆ ಹೋಗಿತ್ತು. ನೆಲದ ಮೇಲೇ ಹಾರಾಟ ಕಲಿಸುವ ಸಿಮ್ಯುಲೇಟರ್ ಎಲ್ಲಿ ಎಂದು ಅರೆತಿ ಕೇಳಿದಾಗ, ಹಡಗಿನಲ್ಲಿ ಬರುತ್ತಿದೆ ಎಂದರು. ಯಾವಾಗ ಹೊರಟಿತು ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು, ಚುರುಕಾದ ಮಗುವನ್ನು ನೋಡಿ ನಗುವ ಹಾಗೆ.

"ಸೇರೋಕೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ," ಎಂದಿದ್ದ ಪಾಂದೆಲಿಸ್, ಅರಿಸ್ತಿದಿಸನ ಹೆಗಲ ಮೇಲೆ ಕೈಯಿಟ್ಟು. "ಇವನನ್ನ ನಾನು ಬಲ್ಲೆ."

ಅರಿಸ್ತಿದಿಸ್ ಅಲ್ಲಿಂದ ಹೊರಬಂದಾಗ ಎರಡು ಅಂಗುಲ ಉದ್ದವಾಗಿದ್ದ.

ಅಂಥವನನ್ನು ಥೆಸಲೊನೀಕಿಗೆ ಒಯ್ಯುವುದು ಕತ್ತೆಯನ್ನು ಹಡಗು ಹತ್ತಿಸಿದಷ್ಟು ಕಷ್ಟ. ಆದರೆ ಇಷ್ಟು ವರ್ಷ ಜೊತೆಯಲ್ಲಿ ಬದುಕಿದವಳಿಗೆ ಯಾವ ಹಗ್ಗ ಎಳೆಯಬೇಕೆಂದು ತಿಳಿದಿರುತ್ತದೆ. ಪಾಂದೆಲಿಸ್ ಹೊರಟುಹೋದ ಮೇಲೆ ಊಟಕ್ಕೆ ಕೂತಾಗ ಅವಳು ಬೇಯಿಸಿದ ಸೊಪ್ಪಿಗೆ ನಿಂಬೆಹಣ್ಣು ಹಿಂಡುತ್ತಾ ಹೇಳಿದಳು:

"ನಿನ್ನೆ ಸ್ತಾಥಿಸ್‌ಗೆ ಫೋನ್ ಮಾಡಿದ್ದೆ."

"ಯಾರು ಹೇಳಿದ್ರು ಮಾಡು ಅಂತ?"

"ಯಾರೂ ಇಲ್ಲ. ನಿನ್ನ ಹೆಸರು ಹೇಳಿದೆ ನೋಡು, ಫೋನಿನಲ್ಲೇ ಎದ್ದು ನಿಂತ ಅನ್ಸುತ್ತೆ. ಕುರ್ಚಿ ಸರಿದ ಸದ್ದು ಕೇಳಿಸ್ತು."

ಅರಿಸ್ತಿದಿಸ್ ಬ್ರೆಡ್ ಮುರಿಯುವುದನ್ನು ನಿಲ್ಲಿಸಿದ. "ಏನಂದ?"

"‘ಸರ್ ಬರ್ತಾರಾ’ ಅಂದ. ಒಂದು ಸಲ ಸಿಮ್ಯುಲೇಟರಿನಲ್ಲಿ ಕೂತು ನೋಡಲಿ, ಇಷ್ಟ ಆಗದಿದ್ರೆ ಕಾಫಿ ಕುಡಿದು ಹೋಗಲಿ ಅಂದ."

ಕುರ್ಚಿಯ ಸದ್ದು ಅವಳ ಸ್ವಂತದ್ದು. ಉಳಿದದ್ದು ನಿಜ. ಅರಿಸ್ತಿದಿಸ್ ಸ್ವಲ್ಪ ಹೊತ್ತು ಅಗಿದ. ತನ್ನ ಮುಂದೆ ಎದ್ದು ನಿಲ್ಲುವ ಒಬ್ಬ ಕಿರಿಯನನ್ನು ನೋಡಿ ಬರಲು ಒಂದೂವರೆ ಗಂಟೆಯ ದಾರಿ ಹೆಚ್ಚೇನಲ್ಲ ಎಂಬ ತೀರ್ಮಾನ ಅವನ ದವಡೆಯಲ್ಲಿ ನಡೆಯುತ್ತಿರುವುದು ಅವಳಿಗೆ ಕಾಣಿಸುತ್ತಿತ್ತು.

"ಕಾಫಿ ಕುಡಿಯೋಕೆ ಹೋಗಬಹುದು," ಎಂದ.

ಥೆಸಲೊನೀಕಿಯ ಶಾಲೆಯಲ್ಲಿ ಸ್ತಾಥಿಸ್ ಬಾಗಿಲಿಗೇ ಬಂದು ನಿಂತಿದ್ದ. ತಲೆಗೂದಲು ಉದುರಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ನಗುಮುಖದ ಮನುಷ್ಯ. "ಬನ್ನಿ ಸರ್," ಎಂದ. ಬೂಟಿನ ನೀರಿನ ವಿಷಯವನ್ನು ಅವನೇ ತೆಗೆದು ನಕ್ಕ. "ಆ ಗಿಡ ಬದುಕ್ತಾ ಸರ್, ಕೊನೆಗೆ?" ಎಂದು ಕೇಳಿದ. ಅರಿಸ್ತಿದಿಸ್‌ಗೆ ಅದು ನೆನಪಿರಲಿಲ್ಲ. ಗೋಡೆಯ ಮೇಲೆ ಸೇನಾಪತಿಗಳಿರಲಿಲ್ಲ; ಮಳೆಮೋಡಗಳ ಒಂದು ನಕ್ಷೆಯೂ, ತಿಂಡಿಯ ಯಂತ್ರದ ಪಕ್ಕದಲ್ಲಿ ‘ಕಪ್ ತೊಳೆದಿಡಿ’ ಎಂಬ ಚೀಟಿಯೂ ಇದ್ದವು. ಹೊರಗೆ ಡಾಂಬರು ಅಂಗಳದ ಮೇಲೆ ನಾಲ್ಕು ಸಣ್ಣ ವಿಮಾನಗಳು ನಿಂತಿದ್ದವು, ಎಲ್ಲಕ್ಕೂ ಪ್ರೊಪೆಲ್ಲರ್ ಇತ್ತು. ಅರೆತಿ ಎಣಿಸಿ ನೋಡಿದಳು.

ಸಿಮ್ಯುಲೇಟರ್ ಹಿಂದಿನ ಕೋಣೆಯಲ್ಲಿ. ಪ್ರಯಾಣಿಕ ವಿಮಾನದ ಮೂತಿಯನ್ನು ಕತ್ತರಿಸಿ ತಂದಿಟ್ಟ ಹಾಗಿತ್ತು. ಅದನ್ನು ನಡೆಸುತ್ತಿದ್ದವಳು ಜೋಯಿ ಎಂಬ ಹುಡುಗಿ. ಹಿಂದೆ ಒಂದು ವಿಮಾನ ಕಂಪನಿಯಲ್ಲಿ ಸಹಪೈಲಟ್ ಆಗಿದ್ದವಳು. ಕೂದಲನ್ನು ಪೆನ್ಸಿಲಿನಿಂದ ಗಂಟು ಹಾಕಿಕೊಂಡಿದ್ದಳು. ಅವಳು ಯಾವ ಅಕಾಡೆಮಿಯ ಯಾವ ಬ್ಯಾಚೂ ಅಲ್ಲ. ಅರಿಸ್ತಿದಿಸ್ ಅವಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ, "ಇಂಜಿನಿಯರ್ ಎಲ್ಲಿದ್ದಾರೆ?" ಎಂದು ಕೇಳಿದ.

"ನಾನೇ ಪರೀಕ್ಷಕಿ," ಎಂದಳು ಜೋಯಿ. "ಒಂದು ತೊಂದರೆ ಆಗಿದೆ. ನಿಮ್ಮ ಜೊತೆ ಕೂರಬೇಕಿದ್ದ ಇನ್ನೊಬ್ಬ ಅಭ್ಯರ್ಥಿಗೆ ಜ್ವರವಂತೆ. ಬಲಗಡೆಯ ಸೀಟು ಖಾಲಿ ಇದೆ."

"ಪರವಾಗಿಲ್ಲ. ನನಗೆ ಒಬ್ಬನೇ ಹಾರಿಸಿ ಅಭ್ಯಾಸ."

"ಅದೇ ನೋಡಿ ತೊಂದರೆ. ಇದು ಇಬ್ಬರು ಹಾರಿಸೋ ವಿಮಾನ." ಜೋಯಿ ಸುತ್ತ ನೋಡಿದಳು. "ಮೇಡಂ, ನಿಮಗೆ ಓದೋಕೆ ಕನ್ನಡಕ ಬೇಕಾ?"

"ತಂದಿದ್ದೀನಿ," ಎಂದಳು ಅರೆತಿ.

"ಹಾಗಾದ್ರೆ ನೀವೇ ಕೂತ್ಕೊಳ್ಳಿ. ಈ ಕಾರ್ಡಿನಲ್ಲಿ ಇರೋದನ್ನ ಒಂದೊಂದಾಗಿ ಓದಿ. ನೀವು ಕೇಳೋದು, ಅವರು ಉತ್ತರ ಕೊಡೋದು. ಇಲ್ಲಿ ಉತ್ತರ ಬರೆದಿದೆ ನೋಡಿ; ಬೇರೆ ಏನಾದ್ರೂ ಕಂಡ್ರೆ ಬಾಯಿಬಿಟ್ಟು ಹೇಳಿ. ಅಷ್ಟೆ ಕೆಲಸ."

ಅರಿಸ್ತಿದಿಸ್ ನಕ್ಕ. "ಬಾಯಿಬಿಡೋದು ಅವಳಿಗೆ ಬರುತ್ತೆ," ಎಂದ. ಸ್ತಾಥಿಸ್ ನಗಬೇಕೋ ಬೇಡವೋ ಎಂದು ತಿಳಿಯದೆ ಬಾಗಿಲ ಹಿಡಿಕೆಯನ್ನು ನೋಡಿದ.

ಹೀಗೆ ಅರೆತಿ ಮೊದಲ ಸಲ ತನ್ನ ಗಂಡನ ಕೆಲಸದ ಜಾಗದಲ್ಲಿ ಕೂತಳು. ಸೀಟಿನ ಪಟ್ಟಿ ಬಿಗಿಯುವಾಗ ಅವಳಿಗೆ ಒಂದು ವಿಚಿತ್ರ ನಾಚಿಕೆಯಾಯಿತು. ಅವನು ಆಕಾಶದಲ್ಲಿ ಏನು ಮಾಡುತ್ತಿರಬಹುದೆಂದು ಅವಳು ಪಾತ್ರೆ ತೊಳೆಯುವಾಗ, ಇಸ್ತ್ರಿ ಹಾಕುವಾಗ, ನೆಲೆಯಿಂದ ಫೋನ್ ಬರುವುದು ತಡವಾದಾಗ ಸಾವಿರ ಸಲ ಕಲ್ಪಿಸಿಕೊಂಡಿದ್ದಳು. ಅವಳ ಕಲ್ಪನೆಯಲ್ಲಿ ಅವನು ಅಲ್ಲಿ ಒಂಟಿಯಾಗಿರುತ್ತಿದ್ದ, ಸ್ವಲ್ಪ ಹೆದರಿರುತ್ತಿದ್ದ, ಮನೆಯನ್ನು ನೆನೆಯುತ್ತಿದ್ದ. ಆ ಕಲ್ಪನೆಯ ಮೇಲೆ ಅವಳು ಅವನಿಗೆ ಎಷ್ಟೋ ಮಾತುಗಳನ್ನು ಮನ್ನಿಸಿದ್ದಳು.

ಪರದೆಯ ಮೇಲೆ ರನ್‌ವೇ ಹೊಳೆಯಿತು. ವಿಮಾನ ಎದ್ದಿತು. ಅರಿಸ್ತಿದಿಸನ ಕೈಗಳು ನಿಜಕ್ಕೂ ಚೆನ್ನಾಗಿದ್ದವು, ಅದನ್ನು ಅವಳು ಕೂಡಲೇ ಕಂಡಳು; ರೊಟ್ಟಿ ತಟ್ಟುವವಳ ಕೈಯಂತೆ, ಎಲ್ಲಿಯೂ ಒತ್ತದೆ, ಎಲ್ಲಿಯೂ ಬಿಡದೆ. ಅವಳು ಕಾರ್ಡ್ ಹಿಡಿದು ಓದಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಾನೇ ಪ್ರಶ್ನೆಯನ್ನು ಗೊಣಗಿ, ತಾನೇ ಉತ್ತರ ಹೇಳಿ, ತಾನೇ ಸ್ವಿಚ್ ಒತ್ತಿಯಾಗಿತ್ತು. ಎರಡನೆಯದಕ್ಕೂ ಹಾಗೆಯೇ ಆಯಿತು. ಮೂರನೆಯದನ್ನು ಅವಳು ಬೇಗ ಬೇಗ ಓದಿದಳು. "ಹೂಂ, ಆಯ್ತು," ಎಂದ ಅವನು. ಅಂಗಡಿಯಿಂದ ಏನು ತರಬೇಕೆಂದು ಅವಳು ಹೇಳುವಾಗಲೂ ಇದೇ ಹೂಂ.

ಹಿಂದೆ ಕೂತಿದ್ದ ಜೋಯಿ ಒಂದು ಇಂಜಿನ್ ಕೆಡಿಸಿದಳು. ಕೆಂಪು ದೀಪ ಹತ್ತಿತು. ಆಗ ಅರೆತಿ ಅವನ ಮುಖ ನೋಡಿದಳು.

ಅವನು ಹೆದರಿರಲಿಲ್ಲ. ಮನೆಯನ್ನು ನೆನೆಯುತ್ತಲೂ ಇರಲಿಲ್ಲ. ಹುಬ್ಬುಗಳು ಸಡಿಲವಾಗಿ, ತುಟಿ ಸ್ವಲ್ಪವೇ ತೆರೆದು, ಅವನು ಅಪ್ಪಟ ಸುಖದಲ್ಲಿದ್ದ. ಮಗಳನ್ನು ಮೊದಲ ಸಲ ಎತ್ತಿಕೊಂಡಾಗಲೂ ಅವನ ಮುಖ ಇಷ್ಟು ನಿರಾಳವಾಗಿರಲಿಲ್ಲ, ಮದುವೆಯ ದಿನವಂತೂ ಸೆಖೆಗೆ ಬೆವರಿ ಗಡಿಯಾರ ನೋಡುತ್ತಿದ್ದ. ಅಲ್ಲಿ ಕೂತವನಿಗೆ ಪಕ್ಕದ ಸೀಟು ಎಂಬುದೇ ಇರಲಿಲ್ಲ. ಇಷ್ಟು ವರ್ಷ ಅವನು ಅಲ್ಲಿಗೆ ಹೋಗುತ್ತಿದ್ದುದು ದೇಶಕ್ಕಾಗಿ ಎಂದು ಎಲ್ಲರೂ ಹೇಳುತ್ತಿದ್ದರು. ದೇಶಕ್ಕೆ ಇಷ್ಟು ಚೆಂದದ ಮುಖ ಯಾರೂ ಮಾಡುವುದಿಲ್ಲ ಎಂದುಕೊಂಡಳು ಅರೆತಿ.

ರನ್‌ವೇ ಹತ್ತಿರವಾಯಿತು. ಚಕ್ರ ಇಳಿಸುವ ಹಿಡಿಕೆ ಅವಳ ಮೊಣಕಾಲಿನ ಮುಂದೆಯೇ ಇತ್ತು. ‘ಚಕ್ರ ಇಳಿಸು’ ಎಂದು ಅವನು ಹೇಳಬೇಕು, ಅವಳು ಇಳಿಸಬೇಕು, ಕಾರ್ಡಿನಲ್ಲಿ ಹಾಗಿತ್ತು. ಅವನ ತೋಳು ಅವಳ ಮುಂದೆ ಅಡ್ಡ ಬಂದು ಅದನ್ನು ತಾನೇ ಕೆಳಗೆಳೆಯಿತು. ಊಟದ ಮೇಜಿನಲ್ಲಿ ಉಪ್ಪಿಗೆ ಚಾಚುವ ತೋಳು.

"ಚಕ್ರ?" ಎಂದು ಓದಿದಳು ಅರೆತಿ.

"ಇಳಿದಿದೆ."

ಕಾರ್ಡಿನಲ್ಲಿ ಉತ್ತರ ‘ಮೂರು ಹಸಿರು’ ಎಂದಿತ್ತು, ಚಕ್ರಕ್ಕೊಂದು ದೀಪ. ಅವಳು ಕನ್ನಡಕದ ಮೇಲಿನಿಂದ ನೋಡಿದಳು.

"ಎರಡೇ ದೀಪ ಹತ್ತಿರೋದು."

"ಮುಂದಕ್ಕೆ ಓದು."

"ಅರಿಸ್, ಬಲಗಡೇದು ಹತ್ತಿಲ್ಲ."

"ಬಲ್ಬ್ ಹೋಗಿರುತ್ತೆ. ಓದು ಮುಂದೆ."

"ಬಲಗಡೆ ಚಕ್ರ ಇಳಿದಿಲ್ಲ ಅನ್ಸುತ್ತೆ."

"ಅರೆತಿ, ನಾನು ಕೆಲಸದಲ್ಲಿದ್ದೀನಿ."

ಇಳಿಕೆ ಎಷ್ಟು ನಯವಾಗಿತ್ತೆಂದರೆ ಬಾಗಿಲಲ್ಲಿದ್ದ ಸ್ತಾಥಿಸ್ ತಲೆದೂಗಿದ. ಆಮೇಲೆ ವಿಮಾನ ಬಲಕ್ಕೆ ವಾಲಿತು, ರೆಕ್ಕೆ ನೆಲಕ್ಕೆ ತಗುಲಿತು, ಪರದೆಯ ಮೇಲಿನ ರನ್‌ವೇ ಪಕ್ಕಕ್ಕೆ ಜಾರಿ ಹೋಗಿ ಹುಲ್ಲು ಬಂತು, ಹುಲ್ಲಾದ ಮೇಲೆ ಒಂದು ಬೇಲಿ ಬಂತು. ಚಿತ್ರ ಅಲ್ಲಿಗೆ ನಿಂತುಹೋಯಿತು.

"ಒಂದೇ ಇಂಜಿನಿನಲ್ಲಿ ಇಷ್ಟು ಮೆತ್ತಗೆ ಇಳಿಸಿದವರನ್ನ ನಾನು ನೋಡಿಲ್ಲ," ಎಂದಳು ಜೋಯಿ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಹಾಗಾಗಿ ಇನ್ನೂ ಚುಚ್ಚಿತು.

"ಎಚ್ಚರಿಕೆ ಗಂಟೆ ಹೊಡೀಲೇ ಇಲ್ಲ," ಎಂದ ಅರಿಸ್ತಿದಿಸ್. ಕುತ್ತಿಗೆ ಕೆಂಪಾಗಿತ್ತು. "ನಿಮ್ಮ ಯಂತ್ರದಲ್ಲಿ ದೋಷ ಇದೆ."

"ಗಂಟೆ ನಾನೇ ನಿಲ್ಲಿಸಿದ್ದೆ. ಯಂತ್ರ ಕೂಗಿದ್ರೆ ಎಲ್ಲರೂ ಕೇಳ್ತಾರೆ. ಪಕ್ಕದಲ್ಲಿರೋರು ಹೇಳಿದ್ರೆ ಕೇಳ್ತಾರಾ ಅಂತ ನೋಡೋಕೇ ಈ ಪರೀಕ್ಷೆ. ಅವರು ನಿಮಗೆ ಮೂರು ಸಲ ಹೇಳಿದ್ರು."

"ಅವಳು ನನ್ನ ಹೆಂಡತಿ."

ಅವನ ಪಾಲಿಗೆ ಅದೇ ಪೂರ್ತಿ ವಿವರಣೆ. ಜೋಯಿ ಅದು ಮುಗಿಯಲಿ ಎಂದು ಕಾಯುವವಳ ಹಾಗೆ ಪೆನ್ಸಿಲ್ ಹಿಡಿದು ಕಾದಳು.

ಸ್ತಾಥಿಸ್ ಮಧ್ಯೆ ಬಂದ. "ಒಂಟಿಯಾಗಿ ಹಾರಿಸಿದವರೆಲ್ಲ ಮೊದಲ ದಿನ ಹೀಗೇ ಮಾಡ್ತಾರೆ ಸರ್. ನಾನು ಬೆಟ್ಟಕ್ಕೇ ಗುದ್ದಿದ್ದೆ. ಇಲ್ಲಿ ಕಲಿಸೋದೇ ಇದನ್ನ. ಕೈ ನಿಮಗೆ ಬಂದಿದೆ, ಕಿವಿಯೊಂದು ಬರಬೇಕು. ಎರಡು ತಿಂಗಳು ಸಾಕು. ಸೆಪ್ಟೆಂಬರಿಗೆ ಜಾಗ ಇಟ್ಟಿರಲಾ?"

ಎಷ್ಟು ಮೃದುವಾಗಿ ಕೇಳಿದ. ಹೂಂ ಅನ್ನು, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಎಲ್ಲದಕ್ಕೂ ಅನ್ನುವ ಆ ಹೂಂ ಅನ್ನು ಇವತ್ತು ಒಂದು ಸಲ ಅನ್ನು.

"ಯೋಚಿಸ್ತೀನಿ," ಎಂದ ಅರಿಸ್ತಿದಿಸ್. ಕಾಫಿ ಕುಡಿಯದೆ ಎದ್ದ.

ಅರೆತಿ ಸೀಟಿನ ಪಟ್ಟಿ ಬಿಚ್ಚಿಕೊಳ್ಳಲು ಒದ್ದಾಡುತ್ತಿದ್ದಾಗ ಜೋಯಿ ಬಗ್ಗಿ ಬಿಡಿಸಿಕೊಟ್ಟಳು. "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದಳು.

"ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ."

"ಅಂದ್ಕೊಂಡೆ. ಕಾಣದ್ದನ್ನ ಕಂಡೆ ಅಂತ ಹೇಳಲಿಲ್ಲ ನೀವು."

ದಾರಿಯಲ್ಲಿ ಕತೇರಿನಿ ಊರು ದಾಟುವವರೆಗೆ ಅವನು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದ. ಎಡಗಡೆ ಸಮುದ್ರ, ಬಲಗಡೆ ಬಿಸಿಲಿಗೆ ಮಸುಕಾದ ಒಲಿಂಪಸ್ ಬೆಟ್ಟ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು; ಅದಕ್ಕೆ ಒಂದು ಕಥೆ ಬೇಕು, ಕಥೆ ಕಟ್ಟಲು ಅಷ್ಟು ದಾರಿ ಬೇಕಾಯಿತು. ಪ್ಲಾತಮೋನಾಸ್ ಕೋಟೆಯ ಹತ್ತಿರ ಅವನು ಪಾಂದೆಲಿಸ್‌ಗೆ ಫೋನ್ ಹಚ್ಚಿದ. ಸ್ಪೀಕರಿನಿಂದ ಬಂದ ಪಾಂದೆಲಿಸನ ದನಿ ಕಾರನ್ನು ತುಂಬಿತು.

"ಹೇಗಿತ್ತು ತಮ್ಮಾ, ಬೂಟುನೀರಿನವನ ಶಾಲೆ?"

"ಆಟಿಕೆ ಕಮಾಂಡರ್. ಇಂಜಿನ್ ಕೆಡಿಸಿ ನೋಡಿದ್ರು, ಇಳಿಸಿದೆ. ಬೆಣ್ಣೆ ಹಾಗೆ ಇಳೀತು. ಆಮೇಲೆ ಅವರ ಬಲ್ಬೇ ಹೋಗಿತ್ತು. ಎಚ್ಚರಿಕೆ ಗಂಟೆನೂ ಇಲ್ಲ. ಒಂದು ಹುಡುಗಿ ಬಂದು ನನಗೆ ಪಾಠ ಹೇಳ್ತಾಳೆ."

"ಹುಡುಗಿ?"

"ತಲೇಲಿ ಪೆನ್ಸಿಲ್ ಸಿಗಿಸ್ಕೊಂಡಿದ್ಲು."

ಪಾಂದೆಲಿಸ್ ಕೆಮ್ಮು ಬರುವಷ್ಟು ನಕ್ಕ. "ನಾನು ಹೇಳಲಿಲ್ವಾ? ಬಾ ನಮ್ಮಲ್ಲಿಗೆ. ನನ್ನ ಭಾವಮೈದುನನದು ಒಂದು ಫ್ಲ್ಯಾಟ್ ಖಾಲಿ ಇದೆ, ಶಾಲೆಗೆ ಹತ್ತಿರ. ಸಂಜೆ ಬರ್ತೀನಿ ಮನೆಗೆ, ಎಲ್ಲ ಮಾತಾಡಿಬಿಡೋಣ. ಅರೆತಿ ತಂಗಿ, ಕೇಳಿಸ್ತಿದೆಯಾ? ಸಂಜೆಗೆ ಏನಾದ್ರೂ ಹುರಿದಿಡು."

"ಕೇಳಿಸ್ತಿದೆ," ಎಂದಳು ಅರೆತಿ.

ಫೋನ್ ಇಟ್ಟ ಮೇಲೆ ಅರಿಸ್ತಿದಿಸ್ ಹಗುರಾಗಿದ್ದ. ತೊಡೆಯ ಮೇಲೆ ತಾಳ ಹಾಕುತ್ತಾ ಓಡಿಸಿದ. ಸ್ವಲ್ಪ ಹೊತ್ತಿನ ನಂತರ, "ನೀನು ಆಗಾಗ ಮಾತಾಡ್ತಾ ಇದ್ದೆ ನೋಡು, ಗಮನ ತಪ್ಪಿತು," ಎಂದ. ಅದೂ ಕೋಪದಿಂದಲ್ಲ. ಅವಳ ತಪ್ಪನ್ನು ಅವನು ಆಗಲೇ ಮನ್ನಿಸಿಬಿಟ್ಟಿದ್ದ.

ಅವಳು ಜಗಳ ಮಾಡಬಹುದಿತ್ತು. ಮಾತುಗಳು ನಾಲಿಗೆಯ ತುದಿಯಲ್ಲಿ ಸಾಲಾಗಿಯೇ ನಿಂತಿದ್ದವು. ಸ್ಕೀರೊಸ್‌ನಲ್ಲಿ ಮಗಳದು ಕಿವಿಯ ಸೋಂಕು, ಬರೀ ಅಳುವಲ್ಲ ಎಂದು ಹೇಳಿದ್ದಳು, ಹೂಂ ಎಂದಿದ್ದ. ಆಂದ್ರವಿದಾದಲ್ಲಿ ಈ ಮನೆಯ ಗೋಡೆ ಒದ್ದೆಯಾಗುತ್ತದೆ ಎಂದಿದ್ದಳು. ಹನ್ಯಾದಲ್ಲಿ ನನಗೆ ನಿದ್ದೆ ಬರುತ್ತಿಲ್ಲ ಎಂದಿದ್ದಳು, ಬಹಳ ದಿನ ಹೇಳಿದ್ದಳು. ಎಲ್ಲ ಸಲವೂ ಅವನು ದೂರದಲ್ಲಿ ಏನನ್ನೋ ಗುರಿಯಿಟ್ಟು ನೋಡುತ್ತಾ ಚೆನ್ನಾಗಿಯೇ ಇಳಿಸಿದ್ದ. ವಾಲಿದ್ದು ಅವಳ ಕಡೆ. ಹಾಗಾಗಿ ಅವನಿಗೆ ಅದು ವಾಲಿದ್ದೇ ಗೊತ್ತಿರಲಿಲ್ಲ.

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳಿಗೆ ಅನಿಸಿತು. ಕೆಟ್ಟವನನ್ನು ಬಿಟ್ಟು ಹೋದರೆ ಅಕ್ಕಪಕ್ಕದವರು ತಟ್ಟೆಯಲ್ಲಿ ಊಟ ತಂದುಕೊಡುತ್ತಾರೆ. ಇವನು ಕುಡಿದು ಬರಲಿಲ್ಲ, ಕೈ ಎತ್ತಲಿಲ್ಲ, ಅವಳ ಹೆಸರಿನ ಸಂತಳ ಹಬ್ಬದ ದಿನ ಹೂವು ತರುವುದನ್ನು ಮರೆಯಲಿಲ್ಲ. ಇಂಥವನ ಮೇಲೆ ದೂರು ಹೇಳಿದರೆ ಅವಳ ತಾಯಿಯೇ ಶಿಲುಬೆಯ ಗುರುತು ಹಾಕಿಕೊಂಡು, ಬಾಯಿ ತೊಳ್ಕೋ ಎನ್ನುತ್ತಿದ್ದಳು.

ಸಂಜೆ ಪಾಂದೆಲಿಸ್ ದೊಡ್ಡ ಕಲ್ಲಂಗಡಿ ಹೊತ್ತು ಬಂದ. ಬಾಲ್ಕನಿಯ ನೆಲಕ್ಕೆ ನೀರು ಹಾಕಿದ್ದರೂ ಬಿಸಿ ಆರಿರಲಿಲ್ಲ. ಅರೆತಿ ಒಳಗೆ ನಿಂತು ಕುಂಬಳಬಳ್ಳಿಯ ಎಳೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಗೆ ಬಿಡುತ್ತಿದ್ದಳು. ಹೊರಗೆ ಅವಳ ಸಂಸಾರ ಗಂಟುಮೂಟೆ ಕಟ್ಟುತ್ತಿತ್ತು.

"ಸೋಫಾ ಬರಲ್ಲ," ಎನ್ನುತ್ತಿದ್ದ ಪಾಂದೆಲಿಸ್. "ಮೆಟ್ಟಿಲು ಇಕ್ಕಟ್ಟು. ಮಾರಿಬಿಡು. ಮಂಚ ಹಿಡಿಸುತ್ತೆ."

"ಅವಳದು ಒಂದು ಕಪ್ಪು ಹಲಗೆ ಇದೆ. ಸ್ವಂತದ್ದು. ದೊಡ್ಡದು."

"ಅದ್ಯಾಕೆ ಅಥೆನ್ಸಿಗೆ? ಅಲ್ಲಿ ಯಾರ ಮಕ್ಕಳಿಗಾದ್ರೂ ಮನೇಲೇ ಹೇಳಿಕೊಡ್ತಾಳೆ. ನನ್ನ ಮೊಮ್ಮಗನೇ ಇದ್ದಾನಲ್ಲ, ಗುಣಾಕಾರ ಬರಲ್ಲ. ಅಲ್ಲದೆ ನಿನಗೂ ಪರೀಕ್ಷೆಗೆ ಓದಿಸಬೇಕಲ್ಲ. ಹವಾಮಾನ, ದಿಕ್ಕು ದೆಸೆ, ಎಲ್ಲ ಲೆಕ್ಕ ಅದು. ಅರೆತಿ ಕೈಯಲ್ಲಿ ಪಾಸಾಗ್ತೀಯ ಬಿಡು."

"ಅದೇ ಧೈರ್ಯ ನನಗೂ."

ಅರೆತಿ ಜಾಲರಿ ಸೌಟಿನಿಂದ ಹೋಳುಗಳನ್ನು ಎತ್ತಿದಳು. ಎಣ್ಣೆ ಸೋರಲಿ ಎಂದು ಹಿಡಿದು ನಿಂತಳು. ಟೈರ್ ಅಂ‍ಗಡಿಯ ಮೇಲಿನ ಮಧ್ಯದ ಕೋಣೆಗೆ ಸಂಜೆ ಈ ಹೊತ್ತಿಗೆ ಬೆಳಕು ಓರೆಯಾಗಿ ಬಂದು ಹಲಗೆಯ ಅರ್ಧವನ್ನು ಮಾತ್ರ ಹೊಳೆಯಿಸುತ್ತದೆ. ಮಕ್ಕಳು ಕಾಣಿಸಲ್ಲ ಟೀಚರ್ ಎಂದು ಗೊಣಗುತ್ತಾರೆ. ಒಂದು ಪರದೆ ಹಾಕಿಸಬೇಕೆಂದು ಅವಳು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದಳು. ಹೇಗೂ ಬಿಟ್ಟು ಹೋಗುವ ಜಾಗ ಎಂದು ಹಾಕಿಸಿರಲಿಲ್ಲ. ಎಲ್ಲ ಊರಿನಲ್ಲೂ ಅವಳು ಮೊಳೆ ಹೊಡೆಯದೆ ಬದುಕಿದವಳು.

ಅವಳಿಗೆ ಕೂಗಾಡಬೇಕೆನಿಸಲಿಲ್ಲ. ಅಳುವೂ ಬರಲಿಲ್ಲ. ಕಠಿಣವಾದ ಲೆಕ್ಕವೊಂದು, ಬಹಳ ದಿನ ತಪ್ಪು ಹಾದಿಯಿಂದ ಬಿಡಿಸಲು ಹೊರಟದ್ದು, ಸರಿಯಾದ ಕಡೆಯಿಂದ ಹಿಡಿದಾಗ ಎಷ್ಟು ಸಣ್ಣದಾಗಿ ಕಾಣುತ್ತದೋ ಹಾಗೆ ಕಾಣಿಸಿತು. ಅವನು ಶಾಲೆ ಆರಿಸಿದ್ದಾನೆ. ಆರಿಸಲಿ. ಅದು ಅವನ ಶಾಲೆ. ಇಷ್ಟು ದಿನ ಅವಳು ಅವನನ್ನು ಥೆಸಲೊನೀಕಿಗೆ ಎಳೆಯಲು ನೋಡುತ್ತಿದ್ದಳು, ತನ್ನ ಮೂರು ಕೋಣೆಗಳು ಅವನ ತೀರ್ಮಾನದ ಬಾಲಕ್ಕೆ ಕಟ್ಟಿದವು ಎಂದುಕೊಂಡು. ಕಟ್ಟಿದವರು ಯಾರು ಎಂದು ಕೇಳಿಕೊಂಡರೆ ಉತ್ತರ ನಾಚಿಕೆ ತರುವಂತಿತ್ತು.

"ಅರೆತಿ," ಅರಿಸ್ತಿದಿಸ್ ಹೊರಗಿನಿಂದ ಕೂಗಿದ. "ಎರಡೇ ಕೋಣೆಯಂತೆ ಫ್ಲ್ಯಾಟು. ಸಾಕಾ?"

ಅವಳು ತಟ್ಟೆ ಹಿಡಿದು ಬಾಲ್ಕನಿಗೆ ಬಂದಳು. ಹೋಳುಗಳ ಮೇಲೆ ಉಪ್ಪು ಉದುರಿಸಿ ಮೇಜಿನ ಮೇಲಿಟ್ಟಳು.

"ಸಾಕು," ಎಂದಳು.

"ನೋಡು, ಎಷ್ಟು ಬುದ್ಧಿವಂತೆ," ಎಂದ ಪಾಂದೆಲಿಸ್, ಬಿಸಿ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಬಾಯಿ ಸುಟ್ಟುಕೊಳ್ಳುತ್ತಾ. "ಸೈನಿಕನ ಹೆಂಡತಿ ಅಂದ್ರೆ ಹೀಗಿರಬೇಕು. ಕೇಳಿದ್ರೆ ಒಂದೇ ಮಾತು."

ಇಬ್ಬರೂ ಮತ್ತೆ ಮಂಚದ ಅಳತೆಗೆ ಮರಳಿದರು. ಅರೆತಿ ಕಲ್ಲಂಗಡಿಯನ್ನು ಕೊಯ್ಯಲು ಕುಳಿತಳು. ನಾಳೆ ಬೆಳಿಗ್ಗೆ ಸಂತೆಗೆ ಹೋದಾಗ ಪರದೆಯ ಬಟ್ಟೆ ನೋಡಬೇಕು. ದಪ್ಪನೆಯದು, ತಿಳಿ ಬಣ್ಣದ್ದು. ಅದಕ್ಕೆ ಗೋಡೆಯಲ್ಲಿ ನಾಲ್ಕು ಮೊಳೆ ಹೊಡೆಸಬೇಕು. ಸೆಪ್ಟೆಂಬರಿನಲ್ಲಿ ಅವನ ಸಾಮಾನಿನ ಲಾರಿ ಹೊರಡುವ ದಿನ ಅವಳು ಯಾವ ಕೋಣೆಯಲ್ಲಿ, ಯಾವ ಹಲಗೆಯ ಮುಂದೆ ನಿಂತಿರುತ್ತಾಳೆ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಅವನಿಗೆ ಈಗ ಹೇಳಬಹುದಿತ್ತು. ಹೇಳಿದರೆ ಹೂಂ ಎನ್ನುತ್ತಾನೆ.

ಅವಳು ಬೀಜ ತೆಗೆದು, ಹೋಳುಗಳನ್ನು ಜೋಡಿಸಿ, ತಟ್ಟೆಯನ್ನು ಅವರ ಕಡೆಗೆ ಸರಿಸಿದಳು.